ಎರಡು ದರದ ಮೀಟರ್ ಹಾಕುವ ಮೊದಲು ನಮ್ಮ ಮನೆಯ ಲೆಕ್ಕ ನಮಗೆ ತೋರಿಸಿ

ವಿದ್ಯುತ್ ದರ ನಿಗದಿ ಮಾಡುವ ಆಯೋಗಗಳಿಗೂ, ಮನೆಮನೆಗೆ ಕರೆಂಟು ಕೊಡುವ ಕಂಪನಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಮನೆಯ ಮೀಟರ್ ಅನ್ನು ಎರಡು ದರಕ್ಕೆ ಬದಲಿಸಿಕೊಳ್ಳಿ ಎಂದು ನೀವು ಗ್ರಾಹಕರಿಗೆ ಹೇಳುತ್ತಿದ್ದೀರಿ. ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ಬಳಸಿದ ಯೂನಿಟ್‌ಗೆ ಕಡಿಮೆ ದರ, ಉಳಿದ ಹೊತ್ತಿನಲ್ಲಿ ಬಳಸಿದ್ದಕ್ಕೆ ಜಾಸ್ತಿ ದರ. ನಾನು ಇದರ ವಿರೋಧಿಯಲ್ಲ. ನಮ್ಮ ಮನೆಯಲ್ಲೂ ಈಗ ಇಂಥದ್ದೇ ಮೀಟರ್ ಇದೆ, ಅದನ್ನು ತೆಗೆಸುವ ಯೋಚನೆಯೂ ಇಲ್ಲ. ಆದರೆ ಇದನ್ನು ಮನೆಗಳಿಗೆ ತರುತ್ತಿರುವ ರೀತಿ ನನಗೆ ಸರಿ ಕಾಣುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು ಕೇಳುವುದು ಒಂದೇ. ಮೀಟರ್ ಬದಲಿಸುವ ಮೊದಲು, ಆ ಮನೆಯವರು ಯಾವ ಹೊತ್ತಿನಲ್ಲಿ ಎಷ್ಟು ಕರೆಂಟು ಬಳಸುತ್ತಿದ್ದಾರೆ ಎಂಬ ಲೆಕ್ಕವನ್ನು ಅವರ ಕೈಗೆ ಕೊಡಿ. ಅದೇ ಬಳಕೆಗೆ ಹೊಸ ದರದಲ್ಲಿ ಬಿಲ್ ಎಷ್ಟು ಬರುತ್ತಿತ್ತು ಎಂದು ತೋರಿಸಿ. ಒಪ್ಪಿಗೆ ಕೇಳುವುದು ಆಮೇಲೆ. ಒಪ್ಪಿ ಬಂದವರಿಗೂ ವಾಪಸ್ ಹೋಗುವ ದಾರಿ ತೆರೆದಿರಲಿ.

ಎರಡು ದರ ಯಾಕೆ ಬೇಕು ಅನ್ನುವುದು ನನಗೆ ಅರ್ಥವಾಗುತ್ತದೆ. ಕರೆಂಟನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಇವತ್ತಿಗೂ ದುಬಾರಿ ಕೆಲಸ. ಹೆಚ್ಚುಕಡಿಮೆ ಬಳಸಿದ ಕ್ಷಣಕ್ಕೇ ಅದು ಉತ್ಪಾದನೆ ಆಗಬೇಕು. ಟ್ರಾನ್ಸ್‌ಫಾರ್ಮರ್, ತಂತಿ, ಸಬ್‌ಸ್ಟೇಷನ್ ಎಲ್ಲವನ್ನೂ ದಿನದ ಸರಾಸರಿ ನೋಡಿಕೊಂಡು ಕಟ್ಟುವುದಿಲ್ಲ, ಅತಿ ಜಾಸ್ತಿ ಬಳಕೆಯ ಆ ಕೆಲವು ಗಂಟೆಗಳನ್ನು ನೋಡಿಕೊಂಡು ಕಟ್ಟುತ್ತಾರೆ. ಸಂಜೆಯ ಆ ಹೊತ್ತಿಗಾಗಿ ನಿಂತಿರುವ ಸ್ಥಾವರಗಳು ಉಳಿದ ಹೊತ್ತಿನಲ್ಲಿ ಸುಮ್ನೆ ಇರುತ್ತವೆ, ಅವುಗಳ ಖರ್ಚು ಮಾತ್ರ ನಿಲ್ಲುವುದಿಲ್ಲ. ಸಂಜೆಯ ಬಳಕೆಯಲ್ಲಿ ಸ್ವಲ್ಪ ಭಾಗ ಬೇರೆ ಹೊತ್ತಿಗೆ ಸರಿದರೆ ಎಲ್ಲರಿಗೂ ಲಾಭ. ಇಲ್ಲಿಯವರೆಗೆ ನಿಮ್ಮ ಮಾತು ಪೂರ್ತಿ ಸರಿ.

ತಕರಾರು ಶುರುವಾಗುವುದು ಒಂದೊಂದು ಮನೆಯ ಲೆಕ್ಕಕ್ಕೆ ಬಂದಾಗ.

ಈಗಿನ ಒಂದೇ ದರವನ್ನು 100 ಅಂದುಕೊಳ್ಳೋಣ. ಹೊಸ ಯೋಜನೆಯಲ್ಲಿ ಅಗ್ಗದ ಹೊತ್ತಿಗೆ 60, ಉಳಿದ ಹೊತ್ತಿಗೆ 115. ಕೇಳುವುದಕ್ಕೆ ಚೆನ್ನಾಗಿದೆ. ಅಗ್ಗದ ಹೊತ್ತಿನ ಪ್ರತಿ ಯೂನಿಟ್‌ಗೆ 40 ಉಳಿಯುತ್ತದೆ, ಉಳಿದ ಹೊತ್ತಿನ ಪ್ರತಿ ಯೂನಿಟ್‌ಗೆ 15 ಕೈಯಿಂದ ಹೋಗುತ್ತದೆ. ಲೆಕ್ಕ ಹಾಕಿದರೆ, ಒಟ್ಟು ಬಳಕೆಯ ಸುಮಾರು ಶೇ. 27 ಭಾಗ ಅಗ್ಗದ ಹೊತ್ತಿಗೆ ಬಿದ್ದಾಗ ಬಿಲ್ ಮೊದಲಿನಷ್ಟೇ ಬರುತ್ತದೆ. ಅದಕ್ಕಿಂತ ಕಡಿಮೆ ಬಿದ್ದರೆ ನಷ್ಟ, ಜಾಸ್ತಿ ಬಿದ್ದರೆ ಲಾಭ. ತಿಂಗಳಿಗೆ 200 ಯೂನಿಟ್ ಬಳಸುವ ಮನೆ ಅಂದುಕೊಳ್ಳಿ. ಅಗ್ಗದ ಹೊತ್ತಿನಲ್ಲಿ 40 ಯೂನಿಟ್ ಮಾತ್ರ ಬಳಸಿದರೆ ಬಿಲ್ ಶೇ. 4ರಷ್ಟು ಏರುತ್ತದೆ. 80 ಯೂನಿಟ್ ಬಳಸಿದರೆ ಶೇ. 7ರಷ್ಟು ಇಳಿಯುತ್ತದೆ. ಮನೆ ಅದೇ, ಒಟ್ಟು ಯೂನಿಟ್ ಅಷ್ಟೇ, ದರವೂ ಅದೇ. ಯಾವ ಹೊತ್ತಿನಲ್ಲಿ ಬಳಸಿದರು ಅನ್ನುವುದು ಮಾತ್ರ ಬೇರೆ.

ಈಗ ದುಬಾರಿ ಹೊತ್ತಿನ ದರವನ್ನು 115ರಿಂದ 130ಕ್ಕೆ ಏರಿಸಿ ನೋಡಿ. ಅಗ್ಗದ ದರ 60 ಆಗಿಯೇ ಇರಲಿ. ಸಮ ಆಗುವ ಗೆರೆ ಶೇ. 27ರಿಂದ ಶೇ. 43ಕ್ಕೆ ಹಾರುತ್ತದೆ! ಅಗ್ಗದ ದರವನ್ನು 60ರಿಂದ 50ಕ್ಕೆ ಇಳಿಸಿದರೂ ಗೆರೆ ಶೇ. 37ರ ಕೆಳಗೆ ಬರುವುದಿಲ್ಲ. ಅಂದರೆ ಮನೆಯ ಬಿಲ್ಲನ್ನು ಹೆಚ್ಚು ಅಲುಗಾಡಿಸುವುದು ದುಬಾರಿ ಹೊತ್ತಿನ ದರ. ಆದರೆ ಜಾಹೀರಾತಿನಲ್ಲಿ, ಕರಪತ್ರದಲ್ಲಿ, ಮೆಸೇಜಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಅಗ್ಗದ ದರ ಒಂದೇ. ಇನ್ನೊಂದನ್ನು ಹುಡುಕಿ ಓದಬೇಕು. ದಯವಿಟ್ಟು ಎರಡನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿ. ಅದರ ಕೆಳಗೆ ಈ ಸಮ ಆಗುವ ಗೆರೆ ಎಷ್ಟು ಶೇಕಡಾ ಅನ್ನುವುದನ್ನೂ ಬರೆಯಿರಿ. ಇದನ್ನು ಕಂಡುಹಿಡಿಯಲು ಎರಡು ಕಳೆಯುವ ಲೆಕ್ಕ, ಒಂದು ಭಾಗಿಸುವ ಲೆಕ್ಕ ಸಾಕು. ಅದನ್ನು ಪ್ರತಿಯೊಬ್ಬ ಗ್ರಾಹಕರೂ ಕೂತು ಮಾಡಬೇಕೇ?

ನಿಗದಿತ ಶುಲ್ಕವನ್ನೂ ಇದರಲ್ಲಿ ಸೇರಿಸಿ ಹೇಳಬೇಕು. ಎರಡು ದರದ ಯೋಜನೆಗೆ ತಿಂಗಳ ಶುಲ್ಕ ಸ್ವಲ್ಪ ಜಾಸ್ತಿ ಇದ್ದರೂ ಕಡಿಮೆ ಬಳಸುವ ಮನೆಯ ಉಳಿತಾಯ ಅಲ್ಲೇ ಕರಗಿಹೋಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪ್ಯೂಗೆಟ್ ಸೌಂಡ್ ಎನರ್ಜಿ ಎಂಬ ಕಂಪನಿ 2001ರಲ್ಲಿ ಲಕ್ಷಾಂತರ ಮನೆಗಳನ್ನು ಹೊತ್ತಿಗೊಂದು ದರದ ಯೋಜನೆಗೆ ಸೇರಿಸಿತು. ದರಗಳ ನಡುವಿನ ಅಂತರ ಸಣ್ಣದಿತ್ತು. ಮುಂದಿನ ವರ್ಷ ಮೀಟರ್ ರೀಡಿಂಗ್‌ಗೆಂದು ತಿಂಗಳಿಗೊಂದು ಶುಲ್ಕ ಸೇರಿತು. ಜನ ಬಳಕೆಯ ಹೊತ್ತು ಬದಲಿಸಿದ್ದರು, ಆದರೂ ಹೆಚ್ಚಿನವರ ಬಿಲ್ ಹಳೆಯ ದರಕ್ಕಿಂತ ಜಾಸ್ತಿಯೇ ಬಂತು. 2002ರ ಕೊನೆಯ ಹೊತ್ತಿಗೆ ಯೋಜನೆ ನಿಂತಿತು. ಕಷ್ಟಪಟ್ಟು ಅಭ್ಯಾಸ ಬದಲಿಸಿದವರಿಗೆ ಕೈಗೆ ಏನೂ ಸಿಗದೆ ಹೋದರೆ ಎರಡನೇ ಸಲ ಅವರು ನಿಮ್ಮ ಮಾತು ಕೇಳುವುದಿಲ್ಲ.

ಇನ್ನು, ಯಾವ ಬಳಕೆಯನ್ನು ನಿಜವಾಗಿ ಬೇರೆ ಹೊತ್ತಿಗೆ ಸರಿಸಬಹುದು? ಇದನ್ನು ನೀವು ಹೇಳುವಾಗ ವಾಷಿಂಗ್ ಮಷೀನ್ ಹೆಸರು ಮೊದಲು ಬರುತ್ತದೆ. ತಣ್ಣೀರಿನಲ್ಲಿ ಒಗೆದರೆ ಒಂದು ಸಲಕ್ಕೆ ಒಂದು ಯೂನಿಟ್‌ನ ಸಣ್ಣ ಪಾಲು ಮಾತ್ರ ಖರ್ಚಾಗುತ್ತದೆ. ಅದನ್ನು ರಾತ್ರಿಗೆ ಸರಿಸಿ ತಿಂಗಳ ಕೊನೆಗೆ ಉಳಿಯುವುದು ಅಷ್ಟಕ್ಕಷ್ಟೇ. ಫ್ರಿಜ್ ದಿನವಿಡೀ ಓಡಬೇಕು. ದೀಪ ಕತ್ತಲಾದಾಗ ಬೇಕು. ಫ್ಯಾನು, ಎಸಿ ಸೆಕೆ ಆದಾಗ ಬೇಕು. ಅಡುಗೆ ಹಸಿವಾಗುವ ಹೊತ್ತಿಗೆ ಆಗಬೇಕು. ಇವು ಯಾವುದೂ ಸರಿಯುವಂಥದ್ದಲ್ಲ.

ಸರಿಯುವುದು ಮುಖ್ಯವಾಗಿ ಎರಡು. ಒಂದು, ಟ್ಯಾಂಕ್ ಇರುವ ಗೀಸರ್. 100 ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಬೇಕು. 2 ಕಿಲೋವ್ಯಾಟ್ ಕಾಯಿಲ್ ಇದ್ದರೆ ಎರಡು ಗಂಟೆಯ ಕೆಲಸ. ಅದನ್ನು ಅಗ್ಗದ ಹೊತ್ತಿನಲ್ಲಿ ಮುಗಿಸಿಟ್ಟರೆ ನೀರು ಬಿಸಿಯಾಗಿಯೇ ಇರುತ್ತದೆ. ಇನ್ನೊಂದು, ಎಲೆಕ್ಟ್ರಿಕ್ ಕಾರು. ದಿನಕ್ಕೆ 40 ಕಿಲೋಮೀಟರ್ ಓಡಿಸಿದರೆ ಸುಮಾರು 6ರಿಂದ 7 ಯೂನಿಟ್ ಚಾರ್ಜ್ ಬೇಕು. ಗಾಡಿ ಹೇಗೂ ಗಂಟೆಗಟ್ಟಲೆ ನಿಂತಿರುತ್ತದೆ. ಈ ಎರಡರಲ್ಲಿ ಒಂದಾದರೂ ಇರುವ ಮನೆಗೆ ಎರಡು ದರದ ಮೀಟರ್ ನಿಜಕ್ಕೂ ಒಳ್ಳೆಯದು. ನಮ್ಮ ಮನೆಗೆ ಅನುಕೂಲ ಆದದ್ದು ಗೀಸರ್‌ನಿಂದಲೇ. ಚಳಿ ಇರುವ ದೇಶಗಳಲ್ಲಿ ಇವಕ್ಕೆ ಶಾಖ ಕೂಡಿಟ್ಟುಕೊಳ್ಳುವ ಹೀಟರ್‌ಗಳೂ ಸೇರುತ್ತವೆ. ಬ್ರಿಟನ್ನಿನಲ್ಲಿ 1978ರಲ್ಲಿ ಶುರುವಾದ ಎಕಾನಮಿ 7 ಯೋಜನೆ ರಾತ್ರಿಯ 7 ಗಂಟೆ ಅಗ್ಗದ ಕರೆಂಟು ಕೊಟ್ಟದ್ದೇ ಇಂಥ ಹೀಟರ್ ಮತ್ತು ಬಿಸಿನೀರಿನ ಟ್ಯಾಂಕ್ ಇರುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಟ್ಯಾಂಕ್ ಇಲ್ಲದ, ನಲ್ಲಿ ತಿರುಗಿಸಿದಾಗ ಮಾತ್ರ ಕಾಯಿಸುವ ಗೀಸರ್ ಇರುವವರಿಗೆ? ಗ್ಯಾಸ್ ಅಥವಾ ಸೋಲಾರ್‌ನಲ್ಲಿ ನೀರು ಕಾಯಿಸುವವರಿಗೆ? ಕಾರು ಇಲ್ಲದವರಿಗೆ? ಅವರ ಬಳಿ ಸರಿಸುವುದಕ್ಕೆ ಹೆಚ್ಚೇನೂ ಇಲ್ಲ. ಅವರಿಗೆ "ಅಭ್ಯಾಸ ಬದಲಿಸಿಕೊಳ್ಳಿ" ಎಂದು ಹೇಳಿದರೆ ಏನು ಪ್ರಯೋಜನ?

ಒಂದು ವಿಷಯ ಇಲ್ಲಿ ಹೇಳಲೇಬೇಕು. ಎಕಾನಮಿ 7ರಂತೆ ಅಗ್ಗದ ಹೊತ್ತು 7 ಗಂಟೆ ಇದ್ದರೆ ಅದು ದಿನದ ಶೇ. 29. ಇಪ್ಪತ್ತನಾಲ್ಕು ಗಂಟೆಯೂ ಒಂದೇ ಸಮ ಓಡುವ ಸಾಧನದ ಬಳಕೆಯಲ್ಲಿ ಶೇ. 29 ತಾನಾಗಿಯೇ ಅಗ್ಗದ ಹೊತ್ತಿಗೆ ಬೀಳುತ್ತದೆ. ಮೇಲಿನ ಮೊದಲ ಉದಾಹರಣೆಯಲ್ಲಿ ಗೆರೆ ಶೇ. 27 ಇತ್ತು. ಹಾಗಾಗಿ ಫ್ರಿಜ್ಜಿಗೆ, ಅಥವಾ ಮನೆಯಲ್ಲಿ ಹಗಲೂ ರಾತ್ರಿ ಓಡುವ ಆಕ್ಸಿಜನ್ ಕಾನ್ಸಂಟ್ರೇಟರ್‌ಗೆ, ಆ ದರದಲ್ಲಿ ಹೆಚ್ಚುಕಡಿಮೆ ಲಾಭವೂ ಇಲ್ಲ ನಷ್ಟವೂ ಇಲ್ಲ. ದುಬಾರಿ ದರ 130 ಆದ ಕೂಡಲೇ ಚಿತ್ರ ಬದಲಾಗುತ್ತದೆ. 350 ವ್ಯಾಟ್‌ನ ಕಾನ್ಸಂಟ್ರೇಟರ್ ದಿನಕ್ಕೆ 8 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ, ಅದರಲ್ಲಿ ಸುಮಾರು 6 ಯೂನಿಟ್ ದುಬಾರಿ ಹೊತ್ತಿನಲ್ಲೇ. ಉಸಿರಾಟಕ್ಕೆ ಆಸರೆಯಾದ ಯಂತ್ರವನ್ನು ಯಾರೂ ರಾತ್ರಿಗೆ ಸರಿಸಲಾರರು. ಅಂಥ ಮನೆಯವರು ಅರ್ಜಿ ಹಾಕಿ, ಕಚೇರಿ ಅಲೆದು ವಿನಾಯಿತಿ ಪಡೆಯುವಂತೆ ಆಗಬಾರದು. ವೈದ್ಯರ ಒಂದು ಚೀಟಿ ಸಾಕು ಅನ್ನುವ ನಿಯಮ ಮಾಡಿ.

ಹಗಲು ಮನೆಯಲ್ಲೇ ಇರುವವರ ಮಾತು ಇನ್ನೂ ಗಟ್ಟಿಯಾಗಿ ಹೇಳಬೇಕು. ವಯಸ್ಸಾದವರು, ಎಳೆಯ ಮಕ್ಕಳನ್ನು ನೋಡಿಕೊಳ್ಳುವವರು, ಮನೆಯಿಂದಲೇ ಕೆಲಸ ಮಾಡುವವರು, ಹೊಲಿಗೆ ಮೆಷಿನ್ ಇಟ್ಟುಕೊಂಡು ದುಡಿಯುವವರು. ಅಗ್ಗದ ಹೊತ್ತು ರಾತ್ರಿ ಇದ್ದರೆ ಇವರೆಲ್ಲ ಸೋಲುವ ಕಡೆ. ಬಾಡಿಗೆ ಮನೆಯವರದ್ದು ಬೇರೆಯೇ ಕಷ್ಟ. ಗೀಸರ್‌ಗೆ ಟೈಮರ್ ಹಾಕಿಸಬೇಕು ಅಂದರೆ ಮನೆ ಮಾಲೀಕರು ಒಪ್ಪಬೇಕು. ಬಿಲ್ ಕಟ್ಟುವವರು ಒಬ್ಬರು, ವೈರಿಂಗ್‌ಗೆ ಕೈ ಹಾಕಬಹುದಾದವರು ಇನ್ನೊಬ್ಬರು.

ಇದಕ್ಕೆ ಒಂದು ದಾರಿ ಹಳೆಯದಾಗಿಯೇ ಇದೆ. ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಸ್ಟ್ರೇಲಿಯಾದ ಹಲವು ಕಡೆ ಗೀಸರ್‌ಗೆ ಪ್ರತ್ಯೇಕ ವೈರಿಂಗ್ ಎಳೆದು, ಆ ಸರ್ಕ್ಯೂಟ್ ಒಂದಕ್ಕೇ ಅಗ್ಗದ ದರ ಕೊಡುತ್ತಾರೆ. ಅದಕ್ಕೆ ಕರೆಂಟು ಬಿಡುವ ಹೊತ್ತನ್ನು ಕಂಪನಿಯೇ ನೋಡಿಕೊಳ್ಳುತ್ತದೆ. ಗೀಸರ್ ಅಗ್ಗದ ದರಕ್ಕೆ ಹೋಯಿತು ಎಂಬ ಕಾರಣಕ್ಕೆ ಮನೆಯ ಉಳಿದ ಬಳಕೆಯ ದರ ಏರಬೇಕಾಗಿಲ್ಲ. ಮಧ್ಯಾಹ್ನ ಫ್ಯಾನ್ ಹಾಕಿಕೊಂಡವರಿಗೆ ದಂಡ ಇಲ್ಲ. ನಿಮಗೆ ಬೇಕಾದ ದೊಡ್ಡ ಹೊರೆ ನಿಮಗೆ ಬೇಕಾದ ಹೊತ್ತಿಗೆ ಸರಿಯುತ್ತದೆ. ಇಡೀ ಮನೆಯನ್ನು ಎರಡು ದರಕ್ಕೆ ತರುವ ಮೊದಲು ಈ ಆಯ್ಕೆಯನ್ನು ಯಾಕೆ ಮುಂದಿಡಬಾರದು? ಪ್ರತ್ಯೇಕ ವೈರಿಂಗ್‌ಗೆ ಖರ್ಚಿದೆ, ನಿಜ. ಆದರೆ ಆ ಖರ್ಚು ಒಂದೇ ಸಲದ್ದು. ತಪ್ಪಾದ ದರ ಪ್ರತಿ ತಿಂಗಳೂ ಬರುತ್ತದೆ.

ಅಗ್ಗದ ಹೊತ್ತು ಅಂದರೆ ರಾತ್ರಿ ಅನ್ನುವುದು ಕೂಡ ಈಗ ಎಲ್ಲ ಕಡೆ ನಿಜವಲ್ಲ. ಮೊದಲು ಕಲ್ಲಿದ್ದಲು, ಅಣು ಸ್ಥಾವರಗಳನ್ನು ರಾತ್ರಿ ತಗ್ಗಿಸುವುದು ಕಷ್ಟ ಇತ್ತು, ಹಾಗಾಗಿ ರಾತ್ರಿ ಕರೆಂಟು ಮಿಗುತ್ತಿತ್ತು. ಸೋಲಾರ್ ಬಂದಮೇಲೆ ಹಲವು ಕಡೆ ಮಿಗುವುದು ಮಧ್ಯಾಹ್ನ. ಸೌತ್ ಆಸ್ಟ್ರೇಲಿಯಾದಲ್ಲಿ 2020ರಲ್ಲಿ ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗಿನ ತಂತಿ ಜಾಲದ ಶುಲ್ಕವನ್ನು ತೀರಾ ಕಡಿಮೆ ಮಾಡಿದರು. ಫ್ರಾನ್ಸ್‌ನಲ್ಲಿ ಎರಡು ದರದ ಯೋಜನೆಯ ಮನೆಗಳಿಗೆ ದಿನಕ್ಕೆ 8 ಗಂಟೆ ಅಗ್ಗದ ಹೊತ್ತು ಇರುತ್ತದೆ. 2025ರ ನವೆಂಬರ್‌ನಿಂದ ಅದರಲ್ಲಿ ಒಂದಿಷ್ಟು ಭಾಗವನ್ನು ಹಂತಹಂತವಾಗಿ ಮಧ್ಯಾಹ್ನಕ್ಕೆ ಸರಿಸುತ್ತಿದ್ದಾರೆ. ಭಾರತದಲ್ಲಿ 2023ರ ಜೂನ್‌ನಲ್ಲಿ ಬಂದ ತಿದ್ದುಪಡಿ ನಿಯಮ ಇನ್ನೂ ನೇರವಾಗಿದೆ. ಸೌರ ಹೊತ್ತು ಎಂದು ಗುರುತಿಸಿದ ದಿನದ 8 ಗಂಟೆಗಳಲ್ಲಿ ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಪೀಕ್ ಹೊತ್ತಿನಲ್ಲಿ, ಅಂದರೆ ಬೇಡಿಕೆ ಅತಿ ಜಾಸ್ತಿ ಇರುವ ಹೊತ್ತಿನಲ್ಲಿ, ಮನೆಗಳಿಗೆ ಕನಿಷ್ಠ ಶೇ. 10 ಜಾಸ್ತಿ. ಯಾವ ಹೊತ್ತಿನಲ್ಲಿ ಎಷ್ಟು ಬಳಸಿದರು ಎಂದು ದಾಖಲಿಸುವ ಸ್ಮಾರ್ಟ್ ಮೀಟರ್ ಕೂರಿಸಿದ ಮೇಲೆ ಇದು ಅನ್ವಯ ಆಗಬೇಕು, ಕೃಷಿಗೆ ಮಾತ್ರ ವಿನಾಯಿತಿ.

ಮಧ್ಯಾಹ್ನ ಅಗ್ಗ ಆದರೆ ಮೇಲೆ ಹೇಳಿದ ಗೆದ್ದವರ, ಸೋತವರ ಪಟ್ಟಿಯೇ ತಿರುಗಿಬೀಳುತ್ತದೆ. ಮನೆಯಲ್ಲಿ ಇರುವ ಹಿರಿಯರಿಗೆ ಒಳ್ಳೆಯದಾಗುತ್ತದೆ. ಬೆಳಗ್ಗೆ ಹೋಗಿ ಸಂಜೆ ಬರುವವರಿಗೆ, ಕಾರನ್ನು ಹಗಲು ಹೊರಗೆ ತೆಗೆದುಕೊಂಡು ಹೋಗುವವರಿಗೆ ಕಷ್ಟವಾಗುತ್ತದೆ. ಹಾಗಾಗಿ ಒಂದು ದೇಶದ ಅನುಭವವನ್ನು ಇನ್ನೊಂದು ಕಡೆಗೆ ಎತ್ತಿಡಲು ಆಗುವುದಿಲ್ಲ. ಪಕ್ಕದ ಮನೆಯ ಅನುಭವವೂ ನಮ್ಮ ಮನೆಗೆ ಹೊಂದುವುದಿಲ್ಲ. ಆ ಮನೆಯದೇ ಲೆಕ್ಕ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇದರ ಜೊತೆಗೆ ಇನ್ನೊಂದು ಬೇಡಿಕೆ. ಅಗ್ಗದ ಹೊತ್ತನ್ನು ಪದೇಪದೇ ಬದಲಿಸಬೇಡಿ. ನಿಮ್ಮ ಮಾತು ನಂಬಿ ಜನ ದೊಡ್ಡ ಟ್ಯಾಂಕ್ ತರುತ್ತಾರೆ, ಟೈಮರ್ ಹಾಕಿಸುತ್ತಾರೆ, ಚಾರ್ಜರ್ ಕೂರಿಸುತ್ತಾರೆ. ಆ ಹಣ ವಾಪಸ್ ಬರಲು ವರ್ಷಗಳು ಬೇಕು. ಮೂರು ವರ್ಷ ಹೊತ್ತು ಬದಲಾಗುವುದಿಲ್ಲ, ಬದಲಾಗುವುದಿದ್ದರೆ ಒಂದು ವರ್ಷ ಮೊದಲೇ ತಿಳಿಸುತ್ತೇವೆ ಎಂದು ಬರೆದುಕೊಡಿ.

ಮೀಟರ್ ಕೂರಿಸುವ ಕೆಲಸದ ಬಗ್ಗೆಯೂ ಸ್ವಲ್ಪ ಹೇಳಬೇಕು. ಎರಡು ದರದ ಮೀಟರ್‌ನಲ್ಲಿ ಎರಡು ರೀಡಿಂಗ್ ಇರುತ್ತವೆ. ಪರದೆಯ ಮೇಲೆ ಒಂದಾದ ಮೇಲೊಂದು ಬರುತ್ತವೆ. ಯಾವುದು ಅಗ್ಗದ್ದು, ಯಾವುದು ದುಬಾರಿಯದು ಎಂದು ಹೆಚ್ಚಿನ ಮೀಟರ್‌ಗಳ ಮೇಲೆ ನೇರವಾಗಿ ಬರೆದಿರುವುದಿಲ್ಲ, ಬರೀ ನಂಬರ್ ಇರುತ್ತದೆ. ನಮ್ಮ ಮನೆಗೆ ಕರೆಂಟು ಕೊಡುವ ಕಂಪನಿ ಮೀಟರ್ ಬದಲಿಸಿದ ಮೇಲೆ ಬಂದ ಬಿಲ್ಲಿನಲ್ಲಿ ಈ ಎರಡು ರೀಡಿಂಗ್ ಅದಲುಬದಲಾಗಿದ್ದವು. ರಾತ್ರಿ ಕಾಯಿಸಿದ ನೀರಿಗೆ ದುಬಾರಿ ದರ ಬಿದ್ದಿತ್ತು. ಬಿಲ್ ಯಾಕೆ ಇಳಿಯಲಿಲ್ಲ ಎಂದು ನೋಡುತ್ತಾ ಹೋದಾಗ ಅನುಮಾನ ಬಂತು. ಅಗ್ಗದ ಹೊತ್ತಿನಲ್ಲಿ ಗೀಸರ್ ಹಾಕಿ, ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತು ಯಾವ ಅಂಕಿ ಓಡುತ್ತಿದೆ ಎಂದು ನೋಡಿದೆವು. ಫೋಟೊ ತೆಗೆದು ಕಳಿಸಿದೆವು. ದೂರು, ಮರುದೂರು ಆದ ಮೇಲೆ ಸರಿಹೋಯಿತು. ಕೈಕೆಳಗೆ ಫೋನು, ಓದುಬರಹ, ಸಮಯ ಎಲ್ಲ ಇರುವ ಮನೆ ನಮ್ಮದು. ಇವು ಇಲ್ಲದ ಮನೆಯಲ್ಲಿ ಈ ತಪ್ಪು ವರ್ಷಗಟ್ಟಲೆ ಹಾಗೇ ಓಡುತ್ತಿರಬಹುದು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಇದನ್ನು ತಡೆಯುವುದು ಸುಲಭ. ಮೀಟರ್ ಕೂರಿಸುವವರು ಹೊರಡುವ ಮೊದಲು ಎರಡೂ ರೀಡಿಂಗ್ ಅನ್ನು ಮನೆಯವರಿಗೆ ತೋರಿಸಬೇಕು. ಯಾವುದು ಯಾವ ಹೊತ್ತಿನದ್ದು ಎಂದು ಕನ್ನಡದಲ್ಲೋ, ಆ ಜಾಗದ ಭಾಷೆಯಲ್ಲೋ ಬರೆದು ಮೀಟರ್ ಮೇಲೆ ಅಂಟಿಸಬೇಕು. ಮೊದಲ ಬಿಲ್ ಬರುವ ಮುನ್ನ ಒಂದು ಸಲ ತಾಳೆ ನೋಡಬೇಕು. ಹೊತ್ತಿನ ಪ್ರಕಾರ ಬಳಕೆ ದಾಖಲಾಗುವ ಸ್ಮಾರ್ಟ್ ಮೀಟರ್ ಇದ್ದರೆ ಈ ಪರೀಕ್ಷೆಯನ್ನು ನಿಮ್ಮ ಕಚೇರಿಯಲ್ಲೇ ಕೂತು ಮಾಡಬಹುದು.

ಮೀಟರ್ ಒಳಗಿನ ಗಡಿಯಾರವೂ ಅಷ್ಟೇ ಮುಖ್ಯ. ಹಳೆಯ ಮೀಟರ್‌ಗಳ ಟೈಮ್ ಸ್ವಿಚ್ ನಿಧಾನವಾಗಿ ಹಿಂದೆ ಬೀಳುತ್ತದೆ. ಕರೆಂಟು ಹೋಗಿ ಬಂದಾಗ ಕೆಲವು ತಪ್ಪು ಹೊತ್ತಿಗೆ ನಿಲ್ಲುತ್ತವೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವ ದೇಶಗಳಲ್ಲಿ ಹಳೆಯ ಮೀಟರ್‌ಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಜನ ಗೊಂದಲಕ್ಕೆ ಬಿದ್ದದ್ದಿದೆ. ಗ್ರಾಹಕರ ಟೈಮರ್ ಒಂದು ಸಮಯ ಹೇಳಿ, ನಿಮ್ಮ ಮೀಟರ್ ಇನ್ನೊಂದು ಸಮಯ ಹೇಳಿದರೆ ಆ ನಡುವಿನ ಯೂನಿಟ್‌ಗಳ ಹೊರೆ ಯಾರ ಮೇಲೆ? ಮೀಟರ್ ನಿಮ್ಮದು, ಹಾಗಾಗಿ ನಿಮ್ಮ ಮೇಲೆಯೇ ಇರಬೇಕು, ಅಲ್ವಾ?

ಹಳೆಯ ತಂತ್ರಜ್ಞಾನವನ್ನು ನಿಲ್ಲಿಸುವಾಗಲೂ ಇದೇ ಎಚ್ಚರ ಬೇಕು. ಬ್ರಿಟನ್ನಿನಲ್ಲಿ 1980ರ ದಶಕದಿಂದ ಲಕ್ಷಾಂತರ ಮನೆಗಳ ಮೀಟರ್‌ಗಳಿಗೆ ದರ ಬದಲಿಸುವ ಸೂಚನೆ ಹೋಗುತ್ತಿದ್ದದ್ದು ರೇಡಿಯೊ ತರಂಗದಲ್ಲಿ, ಬಿಬಿಸಿಯ ಲಾಂಗ್ ವೇವ್ ಪ್ರಸಾರದ ಜೊತೆಯಲ್ಲೇ. ಆ ವ್ಯವಸ್ಥೆಯನ್ನು 2025ರ ಜೂನ್ 30ರಿಂದ ಹಂತಹಂತವಾಗಿ ನಿಲ್ಲಿಸಲು ಶುರು ಮಾಡಿದರು. ಸಮಯಕ್ಕೆ ಸರಿಯಾಗಿ ಮೀಟರ್ ಬದಲಾಗದ ಮನೆಗಳಲ್ಲಿ ಹೀಟರ್, ಬಿಸಿನೀರು ತಪ್ಪು ಹೊತ್ತಿನಲ್ಲಿ ಶುರುವಾಗುವ, ಅಥವಾ ಶುರುವೇ ಆಗದಿರುವ ಅಪಾಯ ಇದೆ ಎಂದು ಮೊದಲೇ ಎಚ್ಚರಿಸಬೇಕಾಯಿತು. ಒಂದು ಸಲ ಕೂರಿಸಿದ ಮೀಟರ್ ಹತ್ತಾರು ವರ್ಷ ಇರುತ್ತದೆ. ಇವತ್ತು ಆಯ್ಕೆ ಮಾಡುವ ಸಿಗ್ನಲ್ ಅಷ್ಟು ವರ್ಷ ಇರುತ್ತದೆಯೇ ಎಂದು ಈಗಲೇ ಕೇಳಿಕೊಳ್ಳಿ.

ಇನ್ನು ಸುರಕ್ಷತೆ. ಇದನ್ನು ಚುಟುಕಾಗಿ ಹೇಳುತ್ತೇನೆ, ಆದರೆ ದಯವಿಟ್ಟು ಚಿಕ್ಕದು ಅಂದುಕೊಳ್ಳಬೇಡಿ. ಬಟ್ಟೆ ಒಣಗಿಸುವ ಯಂತ್ರ, ವಾಷಿಂಗ್ ಮಷೀನ್ ಇವನ್ನು ಎಲ್ಲರೂ ಮಲಗಿರುವಾಗ ಓಡಿಸಬೇಡಿ ಎಂದು ಹಲವು ದೇಶಗಳ ಅಗ್ನಿಶಾಮಕ ದಳಗಳು ಹೇಳುತ್ತವೆ. ನೀವು ರಾತ್ರಿ ಓಡಿಸಿ ಎನ್ನುತ್ತೀರಿ. ಇಬ್ಬರೂ ಕೂತು ಮಾತಾಡಿ, ಜನರಿಗೆ ಒಂದೇ ಮಾತು ಹೇಳಿ. ಎರಡನೆಯದು ವೈರಿಂಗ್. ಕಾರಿನ ಚಾರ್ಜರ್ 7 ಕಿಲೋವ್ಯಾಟ್, ಗೀಸರ್ 3 ಕಿಲೋವ್ಯಾಟ್, ಜೊತೆಗೆ ಒಂದು ಎಸಿ 2 ಕಿಲೋವ್ಯಾಟ್ ಅಂದುಕೊಳ್ಳಿ. ಮೂರೂ ಅಗ್ಗದ ಹೊತ್ತಿಗೇ ಶುರುವಾದರೆ 12 ಕಿಲೋವ್ಯಾಟ್, 230 ವೋಲ್ಟ್‌ಗೆ 52 ಆಂಪಿಯರ್. ಹಳೆಯ ಮನೆಯ ಮೇನ್ ಸ್ವಿಚ್, ಸರ್ವಿಸ್ ವೈರ್ ಇದನ್ನು ತಡೆದುಕೊಳ್ಳುತ್ತವೆಯೇ? ಮೀಟರ್ ಬದಲಿಸಲು ಹೇಗೂ ಲೈನ್‌ಮ್ಯಾನ್ ಮನೆಗೆ ಬರುತ್ತಾರೆ. ಅದೇ ಹೊತ್ತಿನಲ್ಲಿ ಬೋರ್ಡ್, ಅರ್ಥಿಂಗ್, ಮಂಜೂರಾದ ಲೋಡ್ ಮೂರನ್ನೂ ನೋಡಿ, ಬರಹದಲ್ಲಿ ಕೊಡಲಿ.

ಒಂದು ಬೀದಿಯ ಎಲ್ಲ ಟೈಮರ್‌ಗಳೂ ಒಂದೇ ನಿಮಿಷಕ್ಕೆ ಶುರುವಾದರೆ ಟ್ರಾನ್ಸ್‌ಫಾರ್ಮರ್ ಮೇಲೆ ಹೊಸದೊಂದು ಪೀಕ್ ಬೀಳುತ್ತದೆ. ಸಂಜೆಯ ಹೊರೆ ಇಳಿಸಲು ಹೋಗಿ ರಾತ್ರಿಯ ಹೊರೆ ಕಟ್ಟಿದ ಹಾಗೆ. ಫ್ರಾನ್ಸ್‌ನಲ್ಲಿ ಅಗ್ಗದ ಹೊತ್ತು ಶುರುವಾಗುವ ಸಮಯ ಒಂದೊಂದು ಊರಿಗೆ ಒಂದೊಂದು. ಬ್ರಿಟನ್ನಿನಲ್ಲಿ 2022ರ ಜೂನ್ ಕೊನೆಯಿಂದ ಜಾರಿಗೆ ಬಂದ ನಿಯಮದ ಪ್ರಕಾರ ಮನೆಯ ಕಾರ್ ಚಾರ್ಜರ್‌ಗಳು ಚಾರ್ಜ್ ಶುರು ಮಾಡುವಾಗ ಒಂದೊಂದು ಒಂದೊಂದು ಹೊತ್ತಿಗೆ, 10 ನಿಮಿಷದವರೆಗೆ ತಡವಾಗಿ ಶುರು ಮಾಡುವಂತೆ ಇರಬೇಕು. ಇಂಥ ಏರ್ಪಾಡು ನಿಮ್ಮ ಕಡೆಯಿಂದಲೇ ಆಗಬೇಕಾದ ಕೆಲಸ. ಮನೆಯವರು ಪಕ್ಕದ ಮನೆಯವರ ಟೈಮರ್ ನೋಡಿಕೊಂಡು ತಮ್ಮದನ್ನು ಹೊಂದಿಸಲು ಆಗುವುದಿಲ್ಲ.

ಈಗ ಮತ್ತೆ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಕೇಳುತ್ತಿರುವುದು ಅಸಾಧ್ಯವೇನಲ್ಲ, ಬೇರೆ ಕಡೆ ಮಾಡಿ ತೋರಿಸಿದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಎಲ್ಲ ಮನೆಗಳಿಗೂ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿ, ಅದರ ಜೊತೆಗೇ ಹೊತ್ತಿನ ದರ ತರಲು ಹೊರಟಾಗ ಬಡವರಿಗೆ, ಹಿರಿಯರಿಗೆ ಹೊರೆ ಬೀಳುತ್ತದೆ ಎಂಬ ಕೂಗೆದ್ದಿತು. 2010ರಲ್ಲಿ ಸರ್ಕಾರ ಆ ದರಕ್ಕೆ ತಡೆ ಹಾಕಿತು. 2013ರಲ್ಲಿ ಮತ್ತೆ ಬಂದಾಗ ಅದು ಬೇಕಾದವರು ಮಾತ್ರ ಆರಿಸಿಕೊಳ್ಳುವ ಯೋಜನೆಯಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಕಂಪನಿಗಳು ಮನೆಗಳನ್ನು ಹೊತ್ತಿನ ದರಕ್ಕೆ ತಂದಾಗ ಮೊದಲ 12 ತಿಂಗಳು ಬಿಲ್ ರಕ್ಷಣೆ ಕೊಟ್ಟವು. ಹಳೆಯ ದರದಲ್ಲಿ ಆಗುತ್ತಿದ್ದದ್ದಕ್ಕಿಂತ ವರ್ಷದ ಒಟ್ಟು ಬಿಲ್ ಜಾಸ್ತಿಯಾದರೆ ಆ ವ್ಯತ್ಯಾಸವನ್ನು ವಾಪಸ್ ಜಮೆ ಮಾಡಿದವು. ಬೇಡ ಅಂದವರಿಗೆ ಬೇರೆ ಯೋಜನೆಗೆ ಹೋಗುವ ಅವಕಾಶವೂ ಇತ್ತು. ಕೆನಡಾದ ಒಂಟಾರಿಯೊದಲ್ಲಿ ಮನೆಗಳು ವರ್ಷಗಳ ಕಾಲ ಹೊತ್ತಿನ ದರದಲ್ಲೇ ಇದ್ದವು. 2020ರ ನವೆಂಬರ್‌ನಿಂದ ಬಳಕೆಯ ಮಟ್ಟ ನೋಡಿ ಹಾಕುವ ದರವನ್ನೂ ಆರಿಸಿಕೊಳ್ಳಬಹುದು ಎಂದರು. 2023ರಲ್ಲಿ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ತೀರಾ ಅಗ್ಗದ ಮೂರನೇ ಆಯ್ಕೆಯೂ ಬಂತು. ಕಾರು ಇರುವವರು ಅತ್ತ ಹೋದರು, ಬೇಡದವರು ಇದ್ದಲ್ಲೇ ಉಳಿದರು.

ಬಿಲ್ ರಕ್ಷಣೆ ಯಾಕೆ 12 ತಿಂಗಳು ಇರಬೇಕು ಅನ್ನುವುದಕ್ಕೂ ಕಾರಣವಿದೆ. ಚಳಿಗಾಲದ ಬಳಕೆ ಬೇರೆ, ಬೇಸಿಗೆಯ ಬಳಕೆ ಬೇರೆ. ಚಳಿಗಾಲದಲ್ಲಿ ಗೀಸರ್ ಜಾಸ್ತಿ ಓಡಿ ಉಳಿತಾಯ ಕಾಣುವ ಮನೆಗೆ ಬೇಸಿಗೆಯ ಮಧ್ಯಾಹ್ನ ಎಸಿಯಿಂದ ನಷ್ಟ ಆಗಬಹುದು. ಮೂರು ತಿಂಗಳ ಪ್ರಯೋಗದಿಂದ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಒಂದು ವರ್ಷ ಬೇಕು.

ಸ್ಮಾರ್ಟ್ ಮೀಟರ್ ಇರುವ ಕಡೆ ಪ್ರತಿ ಅರ್ಧ ಗಂಟೆಯ ಬಳಕೆಯ ದಾಖಲೆ ನಿಮ್ಮ ಬಳಿ ಆಗಲೇ ಇದೆ. ಹಳೆಯ ದರದಲ್ಲಿ ಇಷ್ಟು, ಹೊಸ ದರದಲ್ಲಿ ಇಷ್ಟು ಎಂದು ಪ್ರತಿ ಬಿಲ್ಲಿನ ಕೆಳಗೆ ಎರಡು ಸಾಲು ಅಚ್ಚು ಹಾಕಿದರೆ ಸಾಕು. ಆ್ಯಪ್ ಇದೆ, ಅದರಲ್ಲಿ ನೋಡಿಕೊಳ್ಳಿ ಅನ್ನಬೇಡಿ. ಬಿಲ್ ಎಲ್ಲರ ಕೈಗೂ ಬರುತ್ತದೆ, ಆ್ಯಪ್ ಬರುವುದಿಲ್ಲ. ಸ್ಮಾರ್ಟ್ ಮೀಟರ್ ಇಲ್ಲದ ಕಡೆ ಎರಡು ರೀಡಿಂಗ್‌ನ ಮೀಟರ್ ಕೂರಿಸಿ, ಒಂದು ವರ್ಷ ಹಳೆಯ ದರದಲ್ಲೇ ಬಿಲ್ ಮಾಡಿ. ಹೊಸ ದರದ ಲೆಕ್ಕವನ್ನು ಪಕ್ಕದಲ್ಲಿ ತೋರಿಸುತ್ತಾ ಹೋಗಿ. ವರ್ಷ ಮುಗಿದ ಮೇಲೆ ಮನೆಯವರೇ ತೀರ್ಮಾನ ಮಾಡುತ್ತಾರೆ. ಹೀಗೆ ತೋರಿಸಿದರೆ ಎರಡು ದರಕ್ಕೆ ಬರುವವರು ಕಡಿಮೆಯಾಗುತ್ತಾರೆ ಎಂಬ ಅಂಜಿಕೆ ನಿಮಗಿರಬಹುದು. ಮೊದಲ ವರ್ಷ ಹಾಗೆ ಆಗಲೂಬಹುದು. ಆದರೆ ಲೆಕ್ಕ ನೋಡಿ ಬಂದವರು ಟೈಮರ್ ಹಾಕಿಸುತ್ತಾರೆ, ನಿಜವಾಗಿಯೂ ಬಳಕೆ ಸರಿಸುತ್ತಾರೆ. ನಿಮಗೆ ಬೇಕಿರುವುದು ಅದೇ ತಾನೇ? ಗೊತ್ತಿಲ್ಲದೆ ಸೇರಿಕೊಂಡವರು ಏನನ್ನೂ ಸರಿಸುವುದಿಲ್ಲ. ಬಿಲ್ ಜಾಸ್ತಿ ಕಟ್ಟುತ್ತಾರೆ, ಸಂಜೆಯ ಪೀಕ್ ಇದ್ದಲ್ಲೇ ಇರುತ್ತದೆ.

ಆಯೋಗದವರಲ್ಲಿ ಕೊನೆಯ ಒಂದು ವಿನಂತಿ. ದರ ಪರಿಷ್ಕರಣೆಯ ಮುಂದಿನ ವಿಚಾರಣೆಗೆ ಮೊದಲು ಕಂಪನಿಗಳಿಂದ ಒಂದು ಪಟ್ಟಿ ಕೇಳಿ, ಅದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಎರಡು ದರಕ್ಕೆ ಬಂದ ಮನೆಗಳಲ್ಲಿ ಎಷ್ಟು ಮನೆಗಳ ವರ್ಷದ ಬಿಲ್ ಇಳಿಯಿತು, ಎಷ್ಟರದ್ದು ಏರಿತು, ಏರಿದವರಲ್ಲಿ ತಿಂಗಳಿಗೆ 100 ಯೂನಿಟ್‌ಗಿಂತ ಕಡಿಮೆ ಬಳಸುವವರು ಎಷ್ಟು, ವಾಪಸ್ ಹೋಗಲು ಕೇಳಿದವರು ಎಷ್ಟು, ಅವರ ಅರ್ಜಿ ಎಷ್ಟು ದಿನದಲ್ಲಿ ಇತ್ಯರ್ಥವಾಯಿತು. ಬಿಲ್ ಏರಿದ ಮನೆಗಳಿಗೆ ಆ ವ್ಯತ್ಯಾಸ ಜಮೆ ಆಗುವವರೆಗೆ ಹೊಸ ಮನೆಗಳನ್ನು ಸೇರಿಸುವುದನ್ನು ತಡೆಹಿಡಿಯಿರಿ.

ಇಂತಿ,
ಎರಡು ದರದ ಮೀಟರ್ ಇರುವ ಮನೆಯ ಒಬ್ಬ ಗ್ರಾಹಕ